ಅಲುಗಿಸದ ಡಬ್ಬಿ

ನಿಯಮ ಮಾಡುವವರು ಒಣಗಿದ ಜಾಗದಲ್ಲಿ ಕೂತು ಮಾಡುತ್ತಾರೆ, ಪಾಲಿಸುವವರು ಹಳ್ಳ ದಾಟಿ ಬರಬೇಕಾಗುತ್ತದೆ. ಇದು ಎಲ್ಲ ಕಾಲಕ್ಕೂ ನಡೆಯುವಂಥದ್ದೇ. ನಾನು ಲೆಕ್ಕದ ಪರೀಕ್ಷೆ ಬರೆದ ಕಥೆ ಹೇಳಿದರೆ ಕೇಳಿದವರೆಲ್ಲ ನಗುತ್ತಾರೆ. ನಗಲಿ, ಬೇಡ ಅನ್ನುವುದಿಲ್ಲ. ನನಗೆ ಮಾತ್ರ ಹೇಳುವಾಗ ಈಗಲೂ ಮೈ ಉರಿಯುತ್ತದೆ.

ಆಗ ಎರಡನೇ ಮಹಾಯುದ್ಧದ ಕಾಲ. ನಾನು ಬಾಳೂರಿನ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಎರಡನೇ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ಮದುವೆಯಾಗಿತ್ತು, ಮನೆ ಇರಲಿಲ್ಲ. ನನ್ನ ಹಾಸಿಗೆ ಬೇರೆ ಗುಮಾಸ್ತರ ಜೊತೆ ಒಂದೇ ಕೋಣೆಯಲ್ಲಿ, ಹೆಂಡತಿ ಜಾವಳಿಯ ತವರಿನಲ್ಲಿ. ಎಸ್ಟೇಟಿನಲ್ಲಿ ಒಂದು ಮನೆ ಮಾತ್ರ ಖಾಲಿ ಬಿದ್ದಿತ್ತು. ಹೆಂಚಿನ ಮಾಡು, ಎರಡು ಕೋಣೆ, ಹಿತ್ತಿಲಲ್ಲಿ ಒಂದು ಪೇರಲೆ ಮರ. ದಿನಾ ಬೆಳಿಗ್ಗೆ ಅದರ ಮುಂದೆಯೇ ಹಾದು ಆಳುಗಳ ಹಾಜರಿ ಹಿಡಿಯುವ ಮಸ್ಟರಿಗೆ ಹೋಗುತ್ತಿದ್ದೆ. ಒಂದು ದಿನ ಇಂಗ್ಲಿಷ್ ದೊರೆಗಳು ನನ್ನನ್ನೂ ಸ್ಟೋರಿನ ಗುಮಾಸ್ತನನ್ನೂ ಕರೆಸಿ, "ಮೂಡಿಗೆರೆಯಲ್ಲಿ ಲೆಕ್ಕದ ಕ್ಲಾಸ್ ಬರ್ತದೆ. ಪಾಸ್ ಮಾಡಿ. ಪಾಸ್ ಮಾಡಿದವರಿಗೆ ಆ ಮನೆ" ಅಂದರು.

ಸ್ಟೋರಿನ ಗುಮಾಸ್ತನಿಗೆ ಮದುವೆಯೇ ಆಗಿರಲಿಲ್ಲ. ಅವನಿಗೆ ಮನೆ ಯಾಕೆ ಅಂತ ನಾನು ಅವತ್ತೇ ಕೇಳಬೇಕಿತ್ತು.

ಬಾರದ ಬಸ್ಸಿನ ಸರಾಸರಿ

ಆ ಲೆಕ್ಕಕ್ಕೆ ಸಂಖ್ಯಾಶಾಸ್ತ್ರ ಅಂತ ಹೆಸರು. ನಾಲ್ಕು ಗಿಡ ನೋಡಿ ಇಡೀ ತೋಟದ ಫಸಲು ಹೇಳುವ ವಿದ್ಯೆ. ಕಲಿಸುವುದಕ್ಕೆ ಮೈಸೂರು ಕಡೆಯ ಒಂದು ಕಾಲೇಜಿನಿಂದ ಉಪನ್ಯಾಸಕರು ಬಂದರು. ಭಾನುವಾರ ಭಾನುವಾರ ಮೂಡಿಗೆರೆಯ ಒಂದು ಶಾಲೆಯಲ್ಲಿ ಪಾಠ. ಕೂತವರೆಲ್ಲ ಎಸ್ಟೇಟಿನ ರೈಟರುಗಳು, ಆದರೆ ನಿಯಮ ಮಾತ್ರ ವಿಶ್ವವಿದ್ಯಾನಿಲಯದ್ದು. ಮೊದಲ ದಿನ ಪಾಠಕ್ಕಿಂತ ಮುಂಚೆ ಅವರು ನಿಯಮಗಳನ್ನೇ ಓದಿದರು. ಪ್ರತಿ ವಾರ ಶುರುವಿನಲ್ಲೇ ಒಂದು ಸಣ್ಣ ಟೆಸ್ಟು. ತಡವಾಗಿ ಬಂದವರಿಗೆ ಟೆಸ್ಟಿಲ್ಲ, ಸೊನ್ನೆ. ಯಾವ ಕಾರಣಕ್ಕೂ ಮತ್ತೊಮ್ಮೆ ಕೊಡುವುದಿಲ್ಲ.

ಅವರು ಇಳಿದುಕೊಳ್ಳುತ್ತಿದ್ದ ಬಂಗಲೆ ಶಾಲೆಯ ಎದುರಿಗೇ ಇತ್ತು. ನಾನು ಬರಬೇಕಾದದ್ದು ಕಳಸದ ಬಸ್ಸಿನಲ್ಲಿ. ಯುದ್ಧಕ್ಕೆ ಪೆಟ್ರೋಲೆಲ್ಲ ಹೋಗಿ, ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಓಡಿಸುತ್ತಿದ್ದ ದಿನಗಳು. ಏರು ಬಂದರೆ ಬಸ್ಸು ನಿಲ್ಲುತ್ತಿತ್ತು, ನಾವು ಇಳಿದು ತಳ್ಳುತ್ತಿದ್ದೆವು. ಕಾಸು ಕೊಟ್ಟು ತಳ್ಳುವ ಭಾಗ್ಯ. ಮೊದಲ ದಿನ ಮುಖಕ್ಕೆಲ್ಲ ಮಸಿ ಬಳಿದುಕೊಂಡು ಶಾಲೆ ಮುಟ್ಟಿದಾಗ ಎಲ್ಲರಿಗಿಂತ ಕಡೆಯವನು ನಾನೇ. ಸ್ಟೋರಿನ ಗುಮಾಸ್ತ ಶನಿವಾರವೇ ಬಂದು ಮೂಡಿಗೆರೆಯ ಚಿಕ್ಕಮ್ಮನ ಮನೆಯಲ್ಲಿ ಉಂಡು ಮಲಗಿ, ಎಲ್ಲರಿಗಿಂತ ಮೊದಲು ಬಂದು ಕೂತಿದ್ದ. ನನಗೆ ಶನಿವಾರ ಸಂಜೆವರೆಗೆ ಆಳುಗಳ ಬಟವಾಡೆ, ಬರುವ ಹಾಗಿಲ್ಲ.

ಮೂರನೇ ಸಲ ತಡವಾದಾಗ ಉಪನ್ಯಾಸಕರು, "ನೀವು ಬಸ್ಸಿನ ಸರಾಸರಿ ಸಮಯ ಲೆಕ್ಕ ಹಾಕಿ ಅದಕ್ಕೆ ತಕ್ಕ ಹಾಗೆ ಹೊರಡಬೇಕು" ಅಂದರು.

ನನಗೆ ತಡೆಯಲಿಲ್ಲ. "ಹೋದ ವಾರ ಹೊತ್ತಿಗೆ ಸರಿಯಾಗಿ ಬಂತು ಸಾರ್. ಅದರ ಹಿಂದಿನ ವಾರ ಬರಲೇ ಇಲ್ಲ. ಬಾರದ ಬಸ್ಸಿಗೆ ಎಷ್ಟು ಗಂಟೆ ಅಂತ ಹಿಡೀಬೇಕು?"

ಅವರು ಅಂಕದ ಪುಸ್ತಕ ತೆರೆದು ಸೊನ್ನೆ ಅಂತ ಬರೆದರು. ಬಸ್ಸಿನ ಎದುರಿಗಲ್ಲ, ನನ್ನ ಹೆಸರಿನ ಎದುರಿಗೆ.

ಹಳ್ಳಕ್ಕೆ ಕೊಟ್ಟ ಮದ್ದು

ಮಳೆಗಾಲ ಬಂತು. ಒಂದು ಭಾನುವಾರ ಹಳ್ಳ ರಸ್ತೆಯ ಮೇಲೇ ಹರಿಯಿತು, ಇಡೀ ದಿನ ಯಾರೂ ಆಚೆಗೆ ದಾಟಲಿಲ್ಲ. ಹಳ್ಳ ಬಂದಿತ್ತು ಅಂದರೆ ಉಪನ್ಯಾಸಕರು ಒಪ್ಪಲಿಲ್ಲ. ಗೈರುಹಾಜರಿಗೆ ಡಾಕ್ಟರ ಸರ್ಟಿಫಿಕೇಟು ಒಂದೇ ದಾರಿಯಂತೆ, ಹಾಗೆ ನಿಯಮವಿದೆಯಂತೆ.

ನಮ್ಮಲ್ಲಿ ಡಾಕ್ಟರು ಎಲ್ಲಿಂದ ಬರಬೇಕು? ಇದ್ದವರು ಎಸ್ಟೇಟಿನ ಕಂಪೌಂಡರು, ಧರ್ಮರಾಯನ ಅಪರಾವತಾರ. "ಸುಳ್ಳು ಸರ್ಟಿಫಿಕೇಟು ನಾನು ಬರೆಯೋನಲ್ಲ ಮಾರಾಯ" ಅಂದರು.

"ಚಳಿಜ್ವರ ಅಂತ ಒಂದು ಸಾಲು ಬರೀರಿ ಸಾಕು, ಯಾರಿಗೂ ಎಂತದೂ ನಷ್ಟ ಇಲ್ಲ."

"ಜ್ವರ ಅಂತ ಬರೆದ ಮೇಲೆ ಜ್ವರದ ಮದ್ದು ಕೊಡಲೇಬೇಕು. ನೀನು ಕುಡೀಲೇಬೇಕು. ನನ್ನೆದುರಿಗೇ."

ಹಳ್ಳ ಉಕ್ಕಿದ್ದಕ್ಕೆ ನಾನು ಕ್ವಿನೈನ್ ಕುಡಿದೆ. ಒಂದು ದಿನ ಅಲ್ಲ, ಅವರ ಮನಸ್ಸಿಗೆ ಸಮಾಧಾನ ಆಗುವವರೆಗೆ. ಕ್ವಿನೈನ್ ಕುಡಿದವರಿಗೆ ಗೊತ್ತು, ಕಿವಿಯೊಳಗೆ ಜೀರುಂಡೆ ಕೂತ ಹಾಗಾಗುತ್ತದೆ, ಹೊರಗಿನದೇನೂ ಕೇಳಿಸುವುದಿಲ್ಲ. ಮುಂದಿನ ಭಾನುವಾರ ಸರ್ಟಿಫಿಕೇಟು ಕೊಟ್ಟು ಕೂತೆ. ಅವತ್ತಿನ ಟೆಸ್ಟಿನ ಪ್ರಶ್ನೆಗಳನ್ನು ಉಪನ್ಯಾಸಕರು ಬಾಯಲ್ಲಿ ಹೇಳಿ ಬರೆಸಿದರು. ಅವರ ತುಟಿ ಅಲ್ಲಾಡಿದ್ದು ಕಂಡಿತು, ಅಷ್ಟೇ. ಏನು ಮಾಡಲಿ? ಪಕ್ಕದವನ ಹಾಳೆಯಲ್ಲಿ ಪ್ರಶ್ನೆ ಎಂತದು ಅಂತ ಬಗ್ಗಿ ನೋಡಿದೆ. ಅವರು ನೇರ ನನ್ನ ಮುಂದೆ ಬಂದು ನಿಂತು ಏನೋ ಕೇಳಿದರು. ವಿನಯದಿಂದ ತಲೆ ಆಡಿಸಿದೆ. ಇನ್ನೊಂದು ಕೇಳಿದರು. ಮತ್ತೂ ವಿನಯದಿಂದ ತಲೆ ಆಡಿಸಿ ಕೈ ಮುಗಿದೆ. ಕ್ಲಾಸಿಗೆ ಕ್ಲಾಸೇ ಬೆಂಚು ಬಡಿದುಕೊಂಡು ನಕ್ಕಿತು.

ಆಮೇಲೆ ಸ್ಟೋರಿನ ಗುಮಾಸ್ತ ನನ್ನ ಕಿವಿಗೆ ಬಾಯಿಟ್ಟು ಕೂಗಿ ಹೇಳಿದ. ಮೊದಲನೇ ಪ್ರಶ್ನೆ, "ಪಕ್ಕದವರದ್ದು ನೋಡಿ ಬರೀತಿದ್ದೀರಾ?" ಎರಡನೆಯದು, "ಹಾಗಾದರೆ ಸೊನ್ನೆ ಹಾಕಲಾ?"

ಮರ್ಯಾದೆಯೋ ಕಳ್ಳತನವೋ

ಟೆಸ್ಟಲ್ಲದೆ ಟ್ಯುಟೋರಿಯಲ್ ಅಂತ ಒಂದಿತ್ತು. ಮೂರು ಮೂರು ಜನ ಕೂತು ಲೆಕ್ಕವನ್ನು ಚರ್ಚೆ ಮಾಡಬೇಕು, ಉತ್ತರವನ್ನು ಮಾತ್ರ ಒಬ್ಬೊಬ್ಬರೇ ಬರೆಯಬೇಕು. ನನ್ನ ಗುಂಪಿನಲ್ಲಿ ಸಂಸೆಯ ಒಬ್ಬ ಹೊಸ ರೈಟರ್, ಮತ್ತೆ ಕಳಸದ ಹಿರಿಯ ರೈಟರ್ರು. ಹಿರಿಯರು ಅಂದರೆ ನಮ್ಮ ತಂದೆಯ ವಯಸ್ಸು. ತಲೆಗೆ ರುಮಾಲು, ಮೂಗಿನ ತುದಿಗೆ ಕನ್ನಡಕ.

ಲೆಕ್ಕ ಸುಲಭದ್ದೇ. ಹತ್ತು ಕಾಫಿ ಗಿಡ, ಒಂದೊಂದರಲ್ಲಿ ಎಷ್ಟು ಕಾಯಿ ಅಂತ ಕೊಟ್ಟಿದ್ದರು. ಎರಡು ಗಿಡದಲ್ಲಿ ಕಾಯಿಯೇ ಇಲ್ಲ. ಸರಾಸರಿ ಹೇಳಬೇಕು. ನಾನು ಕೂಡಿಸಿ ಹತ್ತರಿಂದ ಭಾಗಿಸಲು ಹೊರಟೆ. ಹಿರಿಯರು ನನ್ನ ಕೈ ಹಿಡಿದರು.

"ಎಂಟರಿಂದ ಭಾಗಿಸು. ಕಾಯಿ ಬಿಡದ ಗಿಡದ ಎದುರು ಸೊನ್ನೆ ಬರೆದು ಲೆಕ್ಕಕ್ಕೆ ಹಿಡಿದರೆ ತೋಟಕ್ಕೆ ಶ್ರೇಯಸ್ಸಲ್ಲ. ನಾನು ಇಷ್ಟು ವರ್ಷ ಅಂದಾಜು ಬರೆದಿದ್ದೇನೆ, ಒಂದು ಸಲವೂ ಸೊನ್ನೆ ಬರೆದವನಲ್ಲ."

ತಪ್ಪು ಅಂತ ನನಗೆ ಗೊತ್ತಿತ್ತು. ಸಂಸೆಯವನಿಗೂ ಗೊತ್ತಿತ್ತು. ಆದರೆ ಅಂಥ ಹಿರಿಯರು ಹೇಳಿದ ಮೇಲೆ ಅವರೆದುರಿಗೇ ಬೇರೆ ಬರೆಯುವುದು ಹೇಗೆ? ಇಬ್ಬರೂ ಎಂಟರಿಂದಲೇ ಭಾಗಿಸಿದೆವು.

ಉಪನ್ಯಾಸಕರು ಮೂರು ಹಾಳೆಯನ್ನೂ ಎತ್ತಿ ಹಿಡಿದು ಕೆಂಡಾಮಂಡಲವಾದರು. "ಮೂವರದ್ದೂ ಒಂದೇ ತಪ್ಪು! ಇದು ನಕಲು. ವಿಶ್ವವಿದ್ಯಾನಿಲಯದಲ್ಲಿ ಇದಕ್ಕೆ ಕಳ್ಳತನ ಅನ್ನುತ್ತಾರೆ."

ಹಿರಿಯರು ಎದ್ದು ನಿಂತರು. "ಸ್ವಾಮಿ, ನಮ್ಮ ಕಡೆ ದೊಡ್ಡವರು ಹೇಳಿದ್ದನ್ನು ಬರೆದರೆ ಮರ್ಯಾದೆ ಅಂತಾರೆ. ನಿಮ್ಮ ಕಡೆ ಕಳ್ಳತನ ಅಂತಾರೋ? ಈ ಹುಡುಗರನ್ನು ಕಳ್ಳರು ಅಂದರೆ ನಾನು ಸುಮ್ಮನಿರೋದಿಲ್ಲ."

ಅವರು ಸುಮ್ಮನಿರಲಿಲ್ಲ, ಉಪನ್ಯಾಸಕರೂ ಸುಮ್ಮನಿರಲಿಲ್ಲ. ಗಲಾಟೆಯೆಲ್ಲ ಮುಗಿದು ಹೊರಗೆ ಬಂದಾಗ ಹಿರಿಯರು ಎಲೆಗೆ ಸುಣ್ಣ ಹಚ್ಚುತ್ತಾ, "ನೋಡಿ, ಸೊನ್ನೆ ಬರೆಯೋದು ಬೇಡ ಅಂತ ನಾನು ಬಡಕೊಂಡೆ. ಆ ಮನುಷ್ಯ ಮೂರು ಮೂರು ಬರೆದರು!" ಅಂದರು.

ನನ್ನ ಹೆಸರೇ ಯಾಕೆ

ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಆ ಡಬ್ಬಿ. ಮೊದಲ ದಿನವೇ ಒಬ್ಬೊಬ್ಬರೂ ಒಳಗೆ ಬಂದ ಹಾಗೆ ಚೀಟಿಯಲ್ಲಿ ಹೆಸರು ಬರೆಸಿ, ಸಿಗರೇಟಿನ ಒಂದು ಉದ್ದ ಡಬ್ಬಿಗೆ ಹಾಕಿಸಿದ್ದರು. ವಾರ ವಾರ ಅದರಿಂದ ಒಂದು ಚೀಟಿ ಎತ್ತುವುದು, ಹೆಸರು ಬಂದವರು ಬೋರ್ಡಿಗೆ ಹೋಗಿ ಎಲ್ಲರೆದುರು ಲೆಕ್ಕ ಮಾಡುವುದು. ಪಕ್ಷಪಾತ ಇರಬಾರದಲ್ಲ! ಡಬ್ಬಿಯನ್ನು ಬೇರೆ ಯಾರೂ ಮುಟ್ಟಕೂಡದು, ಅದೂ ಒಂದು ನಿಯಮ. ಕ್ಲಾಸು ಮುಗಿದ ಕೂಡಲೇ ಅದು ಶಾಲೆಯ ಬೀರುವಿನೊಳಗೆ.

ಮೊದಲ ವಾರ ನನ್ನ ಹೆಸರು ಬಂತು. ಎರಡನೇ ವಾರವೂ ನನ್ನದೇ. ಮೂರನೇ ವಾರವೂ. ಉಪನ್ಯಾಸಕರು ಎರಡು ಬೆರಳು ಇಳಿಸುತ್ತಿದ್ದರು, ಚೀಟಿ ಬಿಡಿಸಿ ಓದುತ್ತಿದ್ದರು, ಮತ್ತೆ ಮಡಿಸಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಿದ್ದರು.

"ನನ್ನ ಹೆಸರೇ ಯಾಕೆ ಸಾರ್?" ಅಂತ ಜಗಳಕ್ಕೇ ನಿಂತೆ.

"ಇದಕ್ಕೇ ಆಕಸ್ಮಿಕ ಅನ್ನೋದು" ಅಂತ ಅವರು ನಕ್ಕರು. "ದೀರ್ಘಕಾಲದಲ್ಲಿ ಎಲ್ಲಾ ಸರಿಹೋಗುತ್ತದೆ."

ದೀರ್ಘಕಾಲ ಕಾಯುವುದಕ್ಕೆ ನನಗೆ ಪುರಸೊತ್ತಿಲ್ಲ, ಹೆಂಡತಿ ಕಾಯುತ್ತಿದ್ದಾಳೆ ಅಂತ ನಾಲಿಗೆ ತುದಿಗೆ ಬಂದಿತ್ತು. ಅತ್ತೆಯವರು ನನಗೆ ಶನಿ ಹಿಡಿದಿದೆ ಅಂತ ಎಳ್ಳೆಣ್ಣೆ ದೀಪ ಹಚ್ಚಿಸಿದರು. ಕ್ಲಾಸಿನವರಿಗೆ ಮಾತ್ರ ಶುಕ್ರದೆಸೆ. ಹೇಗೂ ಬೋರ್ಡಿಗೆ ನಾನೇ ಹೋಗುವವನು ಅಂತ ಯಾರೂ ಪುಸ್ತಕ ಬಿಡಿಸುವುದನ್ನೇ ಬಿಟ್ಟರು. ಸ್ಟೋರಿನ ಗುಮಾಸ್ತನಂತೂ ಒಂದು ಸಲವೂ ಎದ್ದು ನಿಂತವನಲ್ಲ. "ಪುಣ್ಯಾತ್ಮರು ಮಾರಾಯ್ರೆ ನೀವು. ನಿಮ್ಮ ದೆಸೆಯಿಂದ ನಮಗೆ ಭಾನುವಾರ ನಿದ್ದೆ" ಅಂತ ಕೈ ಮುಗಿದ. ಆ ಮುಗಿದ ಕೈಯನ್ನು ಕಡಿದು ಹಾಕುವಷ್ಟು ಸಿಟ್ಟು ಬಂದಿತ್ತು ನನಗೆ.

ರಸ್ತೆ ಬದಿಯ ಗಿಡ

ಕಡೆಯ ಪರೀಕ್ಷೆಯ ದಿನ ಬೇರೆ ಬೇರೆ ಎಸ್ಟೇಟಿನ ದೊರೆಗಳು ನೋಡಲು ಬಂದರು, ನಮ್ಮವರೂ ಇದ್ದರು. ಬರೆಯುವುದು ಮುಗಿದ ಮೇಲೆ ಉಪನ್ಯಾಸಕರು ಡಬ್ಬಿ ತರಿಸಿ, "ಈಗ ಆಕಸ್ಮಿಕವಾಗಿ ಒಬ್ಬರನ್ನು ಕರೆಯುತ್ತೇವೆ" ಅಂದರು. ಮುಚ್ಚಳ ತೆಗೆದರು. ಅಷ್ಟರಲ್ಲಿ ನಾನು ಅಭ್ಯಾಸಬಲದಿಂದ ಎದ್ದು, ಬೋರ್ಡಿನ ಹತ್ತಿರ ಹೋಗಿ, ಸೀಮೆಸುಣ್ಣ ಹಿಡಿದು ನಿಂತಿದ್ದೆ. ಅವರು ಚೀಟಿ ಬಿಡಿಸಿ ಓದಿದರು. ನನ್ನ ಹೆಸರೇ.

ನಮ್ಮ ದೊರೆಗಳ ಹುಬ್ಬು ಮೇಲೆ ಹೋಯಿತು. "ರೈಟರ್, ಚೀಟಿ ತೆಗೆಯೋ ಮೊದಲೇ ನಿಮಗೆ ಹೇಗೆ ಗೊತ್ತಾಯ್ತು?"

ಅಷ್ಟು ತಿಂಗಳ ಸಿಟ್ಟೆಲ್ಲ ಒಂದೇ ಸಲ ಕಟ್ಟೆ ಒಡೆಯಿತು. "ಗೊತ್ತಾಗದೆ ಏನು ದೊರೆ! ಮೊದಲ ದಿನ ಬಸ್ಸು ತಳ್ಳಿಕೊಂಡು ಕಡೆಯಲ್ಲಿ ಬಂದವನು ನಾನು. ಕಡೆಯಲ್ಲಿ ಹಾಕಿದ ಚೀಟಿ ನನ್ನದು. ಅದು ಮೇಲೇ ಇರುತ್ತದೆ. ಎತ್ತುತ್ತಾರೆ, ಓದುತ್ತಾರೆ, ಮತ್ತೆ ಮೇಲೇ ಹಾಕುತ್ತಾರೆ. ಈ ಡಬ್ಬಿಯನ್ನು ಒಂದು ದಿನ, ಒಂದೇ ಒಂದು ದಿನ ಅಲುಗಿಸಿದವರಿಲ್ಲ!" ಆಮೇಲೆ ಉಪನ್ಯಾಸಕರ ಕಡೆ ತಿರುಗಿದೆ. "ರಸ್ತೆ ಬದಿಯ ಗಿಡವನ್ನೇ ನೋಡಿ ಫಸಲು ಹೇಳಬೇಡಿ, ತೋಟದ ಒಳಗೆ ಹೋಗಿ ಅಂತ ನಮಗೆ ಪಾಠ ಮಾಡಿದವರು ನೀವು ಸಾರ್. ವಾರ ವಾರ ನೀವೇ ರಸ್ತೆ ಬದಿಯ ಗಿಡ ಅಲ್ಲಾಡಿಸಿದಿರಿ. ಆ ಗಿಡ ನಾನು!"

ಉಪನ್ಯಾಸಕರ ಮುಖ ಕೆಂಪಾಯಿತು. ಆದರೆ ದೊಡ್ಡ ಮನುಷ್ಯರು, ಒಪ್ಪಿಕೊಂಡರು. "ನೀವು ಹೇಳೋದು ಸರಿ" ಅಂತ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಗಡಗಡ ಅಲುಗಿಸಿದರು. ಕಣ್ಣು ಮುಚ್ಚಿಕೊಂಡು ತಳಕ್ಕೆ ಬೆರಳು ಹಾಕಿ ಒಂದು ಚೀಟಿ ಎಳೆದರು.

ನನ್ನ ಹೆಸರೇ ಬಂತು.

ಲೆಕ್ಕ ಮಾಡಿದೆ. ವಾರ ವಾರ ಬೋರ್ಡಿನ ಮುಂದೆ ಸತ್ತವನಿಗೆ ಅದೇನು ಕಷ್ಟ? ವಾರದ ಸೊನ್ನೆಗಳನ್ನೆಲ್ಲ ಕಡೆಯ ಪರೀಕ್ಷೆಯ ಅಂಕ ಮುಚ್ಚಿತು, ಪಾಸಾದೆ.

ಮನೆ

ನಮ್ಮ ಎಸ್ಟೇಟಿನಿಂದ ಪಾಸಾದವರು ಇಬ್ಬರು. ಸ್ಟೋರಿನ ಗುಮಾಸ್ತನೂ ಹೇಗೋ ದಾಟಿಕೊಂಡಿದ್ದ. ಹೇಗೆ ಅಂತ ನಾನು ಕೇಳಲಿಲ್ಲ, ಕೇಳಿದ್ದರೆ ಹೊಡೆದಾಟವಾಗುತ್ತಿತ್ತು. ಇದ್ದದ್ದು ಒಂದೇ ಮನೆ. ನನಗೆ ಸಂಸಾರವಿದೆ, ಅವನಿಗಿಲ್ಲ, ಆದ್ದರಿಂದ ಮನೆ ನನಗೇ ಅಂತ ನಾನು ನಿಶ್ಚಿಂತೆಯಿಂದಿದ್ದೆ. ಜಾವಳಿಯಲ್ಲಿ ಹೆಂಡತಿ ಪಾತ್ರೆಪಗಡಿ ಕಟ್ಟಿಟ್ಟಿದ್ದಳು.

ಆದರೆ ನಮ್ಮ ದೊರೆಗಳಿಗೆ ಆ ಡಬ್ಬಿಯ ಮೇಲೆ ಮೋಹ ಹುಟ್ಟಿತ್ತು. ಉಪನ್ಯಾಸಕರಿಂದ ಅದನ್ನು ಕೇಳಿ ತಂದೇ ಬಿಟ್ಟಿದ್ದರು. ಇಬ್ಬರನ್ನೂ ಆಫೀಸಿಗೆ ಕರೆಸಿ, "ಪಕ್ಷಪಾತ ಬೇಡ. ಚೀಟಿ ಎತ್ತೋಣ" ಅಂದರು. ಗುಮಾಸ್ತನ ಹೆಸರು ಬರೆದು ಖಾಲಿ ಡಬ್ಬಿಗೆ ಹಾಕಿದರು. ಅದರ ಮೇಲೆ ನನ್ನ ಹೆಸರು ಬರೆದು ಹಾಕಿದರು. ನಾನು ಕಣ್ಣಾರೆ ನೋಡಿದೆ, ನನ್ನದು ಮೇಲೆ. ದೊರೆಗಳು ಬೇರೇನೋ ಯೋಚನೆಯಲ್ಲಿದ್ದವರು ಹಾಗೇ ನೇರವಾಗಿ ಬೆರಳು ಇಳಿಸಿದರು.

ಆಗ ಒಂದು ಗಂಟಲು ಕೂಗಿತು. "ದೊರೆ! ಅಲುಗಿಸಲಿಲ್ಲ!"

ಆ ಗಂಟಲು ನನ್ನದು.

ದೊರೆಗಳು ತಪ್ಪಾಯಿತು ಅಂತ ನಕ್ಕು, ಬೆರಳು ತೆಗೆದು, ಚೆನ್ನಾಗಿ ಅಲುಗಿಸಿ, ಗುಮಾಸ್ತನ ಚೀಟಿ ಎತ್ತಿದರು. ಆ ಬ್ರಹ್ಮಚಾರಿ ನನ್ನ ಮನೆಯ ಒಂದು ಕೋಣೆಯಲ್ಲಿ ತಾನು ಮಲಗಿದ, ಇನ್ನೊಂದರಲ್ಲಿ ಕೋಳಿ ಸಾಕಿದ. ಪೇರಲೆ ಹಣ್ಣನ್ನೆಲ್ಲ ಬಾವಲಿಗಳು ತಿಂದವು.

ಭಾನುವಾರ ಜಾವಳಿಗೆ ಹೋಗಿ ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ಕಟ್ಟಿಟ್ಟ ಪಾತ್ರೆಯ ಗಂಟಿನ ಮೇಲೇ ಕೂತು ಪೂರ್ತಿ ಕೇಳಿದಳು. ಆಮೇಲೆ ಗಂಟು ಬಿಚ್ಚುತ್ತಾ ಕೇಳಿದಳು:

"ಅಲ್ಲ ಮಾರಾಯ್ರೆ, ಅಷ್ಟೊಂದು ನಿಯಮ ಓದಿದರಲ್ಲ ಆ ಉಪನ್ಯಾಸಕರು, ಬಾಯಿ ಮುಚ್ಚಿಕೊಂಡು ಇರಬೇಕು ಅಂತ ಒಂದು ನಿಯಮ ಅದರಲ್ಲಿ ಇರಲಿಲ್ವಾ?"