ಪಾರ್ಕಿಗೆ ಜನ ಬೇಕು ಮಾರಾಯ್ರೆ

ಪಾರ್ಕಿನ ಬಗ್ಗೆ ಓದುವವನಿಗೆ ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ, ಊರಿನವರೇ ದಿನಕ್ಕೊಂದು ತಂದು ಕೈಗಿಡುತ್ತಾರೆ. ಎಪ್ಪತ್ತರ ದಶಕದ ಕೊನೆಗೆ ಪುತ್ತೂರಿನ ಕಾಲೇಜೊಂದರಲ್ಲಿ ಭೂಗೋಳದ ಮೇಷ್ಟ್ರಾಗಿದ್ದ ನಾನು ಉದ್ಯಾನ ಯೋಜನೆ ಮತ್ತು ಹೊರಾಂಗಣ ವಿಹಾರದ ಮೇಲೆ ಡಾಕ್ಟರೇಟ್ ಮಾಡಲು ಹೊರಟೆ. ಸುಳ್ಯದ ಹತ್ತಿರ ಒಂದು ಮಾದರಿ ಪಾರ್ಕು ಮಾಡಿ ತೋರಿಸುವ ಹುಚ್ಚು ಹುಮ್ಮಸ್ಸು ಬೇರೆ! ನನ್ನ ಮಾರ್ಗದರ್ಶಕರು ಮೊದಲೇ ಎಚ್ಚರಿಸಿದ್ದರು: "ಪರೀಕ್ಷಕರು ಬಂದು ನೋಡುವ ದಿನ ಪಾರ್ಕಿನಲ್ಲಿ ಜನ ಇರಬೇಕು. ಇಲ್ಲದಿದ್ದರೆ ಡಾಕ್ಟರೇಟ್ ಮರೆತುಬಿಡಿ."

ಮಾವನ ಸಂಶಯ

ಕಡಬದ ಮಾವನ ಮನೆಗೆ ಹೋಗಿದ್ದಾಗ ಮಾವ ಕೇಳಿದರು, "ನೀವು ಎಂತದರ ಮೇಲೆ ಓದುದು?"

"ಜನ ಬಿಡುವಿನಲ್ಲಿ ಹೊರಗೆ ಬಂದು ಕೂರುವುದರ ಮೇಲೆ."

ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಮಾವನ ಬೆರಳು ನಿಂತಿತು. "ಅದಕ್ಕೂ ಓದ್ಲಿಕ್ಕೆ ಉಂಟಾ? ನನ್ನ ತಮ್ಮ ಹುಟ್ಟಿದಲ್ಲಿಂದ ಜಗಲಿಯಲ್ಲೇ ಕೂತದ್ದು. ಡಾಕ್ಟರೇಟ್ ಮೊದಲು ಅವನಿಗೆ ಕೊಡ್ಸಿ!"

ಗುತ್ತಿಗಾರಿನ ಸಮೀಕ್ಷೆ

ಪ್ರಶ್ನಾವಳಿ ಹಿಡಿದು ಗುತ್ತಿಗಾರಿನಲ್ಲಿ ಮನೆಮನೆ ಹತ್ತಿಳಿದೆ. ಎಲ್ಲ ಕಡೆ ಬೆಲ್ಲ, ನೀರು ಸಿಕ್ಕಿತು. ಉತ್ತರ ಮಾತ್ರ ಸಿಗಲಿಲ್ಲ. ಕೊನೆಗೆ ಕಾಡಿನಂಚಿನ ಮನೆಯ ಯಜಮಾನರು ಕೂತು ಮಾತಾಡಿದರು.

"ಸಂಜೆ ಹೊತ್ತು ವಿಹಾರಕ್ಕೆ ಹೋಗ್ತೀರಾ?"

"ನಾವು ಹೋಗುದಿಲ್ಲ. ಆನೆ ಬರ್ತದೆ."

"ಕುಟುಂಬ ಸಮೇತ ಹೋಗುವ ಅಭ್ಯಾಸ?"

"ಹ್ಞಾ, ಮರಿಗಳನ್ನೂ ಕರ್ಕೊಂಡೇ ಬರುದು. ಬಾಳೆ ಎಲ್ಲ ತಿಂದು ಹೋಗುದು. ನಿಮ್ಮ ಕಾಗದ ಇಲ್ಲಿಟ್ಟು ಹೋಗಿ, ಬಂದರೆ ಕೇಳಿ ಬರೆದಿಡ್ತೇನೆ."

ಗುಡ್ಡದ ಕಡೆ ಮುಖ

ಸುಬ್ರಹ್ಮಣ್ಯದಲ್ಲಿ ಪ್ರಯೋಗಕ್ಕೆಂದು ಒಂದು ಬೆಂಚು ಹಾಕಿಸಿದೆ. ಘಟ್ಟದ ಸಾಲು ಪೂರ್ತಿ ಕಾಣುವ ಹಾಗೆ ಅಳತೆ ತೆಗೆದು, ಗುಡ್ಡಕ್ಕೆ ಮುಖ ಮಾಡಿ ಇಡಿಸಿದ್ದೆ. ಮರುದಿನ ಹೋಗಿ ನೋಡಿದರೆ ನಾಲ್ಕು ಜನ ಅದರ ಬೆನ್ನೊರಗುವ ಪಟ್ಟಿಯ ಮೇಲೇರಿ, ಗುಡ್ಡಕ್ಕೆ ಬೆನ್ನು ಹಾಕಿ, ರಸ್ತೆ ಕಡೆ ಕಾಲು ಇಳಿಬಿಟ್ಟು ಕೂತಿದ್ದಾರೆ! ನನಗೆ ಸಿಟ್ಟು ನೆತ್ತಿಗೇರಿತು.

"ಇಷ್ಟು ಚಂದದ ಗುಡ್ಡ ಬಿಟ್ಟು ಆಚೆ ಎಂತ ನೋಡುದು?"

"ಗುಡ್ಡ ನಾಳೆಯೂ ಉಂಟು ಮಾರಾಯ್ರೆ," ಎಂದರು ಒಬ್ಬರು. "ಪುತ್ತೂರು ಬಸ್ಸು ಹೋದರೆ ಇವತ್ತಿಗಿಲ್ಲ."

ಪರೀಕ್ಷಕರು ಬಂದ ದಿನ

ಮಾದರಿ ಪಾರ್ಕು ಸುಳ್ಯದಿಂದ ಅಜ್ಜಾವರಕ್ಕೆ ಹೋಗುವ ದಾರಿಯಲ್ಲಿ ತಲೆಯೆತ್ತಿತು. ಪೊದೆ ಸವರಿ, ನೆಲ ಸಮ ಮಾಡಿ, ಬೆಂಚು ಹಾಕಿಸಿದೆ. ಮಳೆಗಾಲ ಮುಗಿಯುವವರೆಗೂ ಒಂದು ನರಪಿಳ್ಳೆಯೂ ಬರಲಿಲ್ಲ; ಬೇಸತ್ತು ನಾನೂ ಆ ಕಡೆ ಹೋಗುವುದು ಬಿಟ್ಟೆ. ಅಷ್ಟರಲ್ಲಿ ಪರೀಕ್ಷಕರು ಜನವರಿಯಲ್ಲಿ ಬರುತ್ತಾರೆಂದು ಪತ್ರ ಬಂತು. ಐದು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ನನಗೆ ಊಟ ಸೇರಲಿಲ್ಲ.

ಆ ದಿನ ಮೈಸೂರು ಕಡೆಯ ಪರೀಕ್ಷಕರ ಜೊತೆ ಜೀಪಿನಿಂದಿಳಿದವನು ಕಣ್ಣುಜ್ಜಿಕೊಂಡೆ. ಪಾರ್ಕು ತುಂಬ ಜನ! ಒಂದು ಬೆಂಚೂ ಖಾಲಿ ಇಲ್ಲ! ಕುಣಿಯುವುದೊಂದು ಬಾಕಿ.

"ಏನ್ರೀ, ನೆಲಕ್ಕೆಲ್ಲ ಕಿತ್ತಳೆ ಬಣ್ಣ ಹಾಸಿದ್ದೀರಿ!" ಎಂದರು ಪರೀಕ್ಷಕರು.

ಆಗ ನೋಡಿದೆ. ನನ್ನ ವಿಹಾರದ ಬಯಲಿನಲ್ಲಿ ಇಡೀ ಊರಿನ ಹಣ್ಣಡಿಕೆ ಒಣಗುತ್ತಿತ್ತು. ಬೆಂಚಿನಲ್ಲಿದ್ದವರೆಲ್ಲ ಅದನ್ನು ಕಾಯಲು ಬಂದವರು!

ಪರೀಕ್ಷಕರು ಒಬ್ಬ ಅಜ್ಜಿಯ ಹತ್ತಿರ ಹೋದರು. "ದಿನಾ ಬರ್ತೀರಾ?"

"ದಿನಾ. ಬೆಳಿಗ್ಗೆ ಬಂದರೆ ಸಂಜೆ ಹೋಗುದು."

"ಪಾರ್ಕಿನಲ್ಲಿ ಏನು ಇಷ್ಟ?"

"ಬಿಸಿಲು! ಊರಲ್ಲಿ ಎಲ್ಲಿ ನೋಡಿದರೂ ನೆರಳು. ಆದರೆ ಈ ಮೇಷ್ಟ್ರು ಇಲ್ಲಿಯೂ ಮರ ನೆಡ್ತಾರಂತೆ. ನೀವಾದರೂ ಬುದ್ಧಿ ಹೇಳಿ." ಆಮೇಲೆ ಅವರನ್ನು ಮೇಲಿಂದ ಕೆಳಗೆ ನೋಡಿ, "ಸುಮ್ಮನೆ ಯಾಕೆ ನಿಂತದ್ದು? ಬೂಟ್ಸು ತೆಗೆದು ಆ ಅಡಿಕೆ ಸ್ವಲ್ಪ ಕಾಲಲ್ಲಿ ತಿರುವಿ ಹಾಕಿ," ಎಂದರು.

ಮುಗಿಯಿತು ನನ್ನ ಕಥೆ ಎಂದುಕೊಂಡೆ. ಪರೀಕ್ಷಕರು ನಿಜವಾಗಿಯೂ ಬೂಟ್ಸು ಬಿಚ್ಚಿದರು, ಪ್ಯಾಂಟು ಮಡಚಿದರು. ಕಾಲೆಳೆಯುತ್ತ ಗರಗರ ಸದ್ದು ಮಾಡಿಕೊಂಡು ಆ ತುದಿಯಿಂದ ಈ ತುದಿಗೆ ಒಂದು ಗಂಟೆ ಅಡಿಕೆ ತಿರುವಿದರು. ಅಜ್ಜಿ ಬೆಂಚಿನಿಂದಲೇ "ಆ ಮೂಲೆ ಬಿಟ್ಟುಹೋಯ್ತು" ಎಂದು ತೋರಿಸುತ್ತಿದ್ದರು.

ಡಾಕ್ಟರೇಟ್ ಬಂತು! ಪರೀಕ್ಷಕರ ವರದಿಯ ಕೊನೆಯ ಸಾಲು ಇಂದಿಗೂ ನನಗೆ ಬಾಯಿಪಾಠ: "ಈ ಉದ್ಯಾನಕ್ಕೆ ಜನರನ್ನು ಕರೆಯಬೇಕಾಗಿಲ್ಲ, ಬಂದವರನ್ನು ಸುಮ್ಮನೆ ಕೂರಲೂ ಬಿಡುವುದಿಲ್ಲ."