ಭಾವನ ಮೆಕ್ಸಿಕನ್ ಕುರ್ಚಿ

ನನ್ನ ಭಾವನಿಗೆ ಕುರ್ಚಿ ಎಂದರೆ ಕೂರುವ ವಸ್ತುವಲ್ಲ, ಅಳೆಯುವ ವಸ್ತು! ಅಬುಧಾಬಿಯಲ್ಲಿ ಯಾರ ಮನೆಗೆ ಹೋದರೂ ಮೊದಲು ಭಾವನ ಜೇಬಿನಿಂದ ಅಳತೆಯ ಟೇಪು ಹೊರಬರುತ್ತದೆ. ಮನೆಯವರು ಚಹಾ ತರುವಷ್ಟರಲ್ಲಿ ಇವರು ನೆಲದ ಮೇಲೆ ಮಂಡಿಯೂರಿ, ಸೋಫಾದ ಎತ್ತರ ನೋಡಿ, "ಛೆ" ಎಂದು ತಲೆಯಾಡಿಸುತ್ತಿರುತ್ತಾರೆ. ಏನು ಛೆ, ಯಾಕೆ ಛೆ? ಕೇಳಿದರೆ ಟೇಪು ಸುತ್ತಿ ಜೇಬಿಗೆ ಇಳಿಸುತ್ತಾರೆ. ಒಮ್ಮೆ ಹಲ್ಲು ಕೀಳಿಸಲು ಹೋದವರು ಕ್ಲಿನಿಕ್ಕಿನ ಕುರ್ಚಿಗಳನ್ನೆಲ್ಲ ಅಳೆದು, ಆ ಗಡಿಬಿಡಿಯಲ್ಲಿ ಹಲ್ಲನ್ನು ಮರೆತು ಮನೆಗೆ ಬಂದಿದ್ದರು.

ಕಳೆದ ವರ್ಷ ಇದ್ದಕ್ಕಿದ್ದಂತೆ ಮನೆಯ ಸೋಫಾ ಮಾರಿಬಿಟ್ಟರು. ಬದಲಿಗೆ ಬರುವುದು ಮೆಕ್ಸಿಕನ್ ಕುರ್ಚಿಯಂತೆ! ಆ ದೇಶದ ಹಳೆಯ ಮರಗೆಲಸ ನೋಡಿ ನಮ್ಮ ಅಜ್ಜನ ಕಾಲದಲ್ಲಿ ಯಾರೋ ಹುಟ್ಟುಹಾಕಿದ ಮಾದರಿಯಂತೆ. ಅದರ ಫೋಟೋ ಕೊಟ್ಟು ಊರ ಹೊರಗಿನ ಮುಸಫ್ಫಾದ ಬಡಗಿಯೊಬ್ಬನಿಂದ ಕೈಯಲ್ಲೇ ಮಾಡಿಸುತ್ತಿದ್ದಾರಂತೆ. ಪುತ್ತೂರಿನಲ್ಲಿ ಹುಟ್ಟಿದ ಮನುಷ್ಯ ಅಬುಧಾಬಿಯಲ್ಲಿ ಕೂರಲು ಮೆಕ್ಸಿಕೋವರೆಗೆ ಯಾಕೆ ಹೋಗಬೇಕು? ನನಗಂತೂ ತಲೆಬುಡ ತಿಳಿಯಲಿಲ್ಲ. ಅಕ್ಕನಿಗೆ ಕೆಂಡದಂಥ ಸಿಟ್ಟು. ಆಸ್ಪತ್ರೆಯಲ್ಲಿ ದಿನವಿಡೀ ನಿಂತು ದುಡಿಯುವ ನರ್ಸು ಅವಳು. ಮನೆಗೆ ಬಂದರೆ ಕೂರಲು ಜಾಗವಿಲ್ಲ. ಬಂದ ಕುರ್ಚಿ ಹಿಡಿಸದಿದ್ದರೆ ಅದೂ ಹೊರಗೆ, ತಂದವರೂ ಹೊರಗೆ ಎಂದು ಹೇಳಿಬಿಟ್ಟಿದ್ದಳು.

ಕುರ್ಚಿ ಬಂತು. ತೇಗದ ಚೌಕಟ್ಟು, ಕತ್ತರಿಯಂತೆ ಅಡ್ಡ ಹಾಯ್ದ ಕಾಲುಗಳು, ಜೋಲಿಯ ಹಾಗೆ ಬಾಗಿದ ಚರ್ಮದ ಆಸನ. ಚೆಂದವೇನೋ ಹೌದು. ಆದರೆ ಎತ್ತರ? ಮಣೆಗಿಂತ ಒಂದಿಷ್ಟು ಹೆಚ್ಚು, ಅಷ್ಟೆ! ಆರಡಿಯ ಭಾವ ಕೂತರೆ ಮಂಡಿ ಕಿವಿಯ ಹತ್ತಿರ ಬಂತು. ನಾನು ಕೂತವನು ಏಳಲಾಗದೆ ಒದ್ದಾಡಿದೆ; ಬಾವಿಯಿಂದ ಕೊಡಪಾನ ಸೇದುವ ಹಾಗೆ ಭಾವ ನನ್ನನ್ನು ಮೇಲೆತ್ತಿದರು. ಬಡಗಿ ಅಳತೆ ತಪ್ಪಿದ್ದಾನೆ, ವಾಪಸು ಕಳಿಸಿ ಎಂದೆ. ಇಲ್ಲವಂತೆ, ಇವರೇ ಪಕ್ಕದಲ್ಲಿ ನಿಂತು ಕಾಲುಗಳನ್ನು ಇನ್ನಷ್ಟು ಕೊಯ್ಯಿಸಿದ್ದಂತೆ! ನನಗೆ ಇದ್ದ ಬುದ್ಧಿಯೂ ಕೆಟ್ಟಿತು.

ಸಂಜೆ ಡ್ಯೂಟಿ ಮುಗಿಸಿ ಬಂದ ಅಕ್ಕ ಜಗಳಕ್ಕೆ ಸಿದ್ಧಳಾಗಿಯೇ ಧೊಪ್ಪನೆ ಕುರ್ಚಿಯಲ್ಲಿ ಕೂತಳು. ತೆರೆದ ಬಾಯಿ ಹಾಗೆಯೇ ನಿಂತಿತು. ಐದಡಿ ತುಂಬದ ನಮ್ಮಕ್ಕ ಬಗ್ಗಿ ಕೆಳಗೆ ನೋಡಿದಳು. ಅವಳ ಎರಡೂ ಪಾದಗಳು ಪೂರ್ತಿಯಾಗಿ ನೆಲದ ಮೇಲಿದ್ದವು.

"ಸೋಫಾದಲ್ಲಿ ಕೂತ್ರೆ ಇವಳ ಕಾಲು ನೇತಾಡ್ತಿತ್ತು ಮಾರಾಯ," ಎಂದರು ಭಾವ, ನನ್ನ ಕಡೆ ತಿರುಗಿ ಮೆಲ್ಲನೆ. "ಊದಿಕೊಳ್ತಿತ್ತು. ಇವಳು ಹೇಳುವ ಜನ ಅಲ್ಲ. ಇವಳ ಕಾಲಿಗೆ ನೆಲ ಸಿಗುವ ಕುರ್ಚಿ ಈ ಊರಲ್ಲಿ ಎಲ್ಲಿಯೂ ಇರ್ಲಿಲ್ಲ."

ಅಕ್ಕ ಅಂಗೈಯಿಂದ ಕಣ್ಣೊರೆಸಿಕೊಂಡು ಹಿಂದಕ್ಕೆ ಒರಗಿದಳು.

"ಇವತ್ತು ಚಾ ನೀವೇ ಮಾಡಿ," ಎಂದಳು. "ನಾನು ಏಳುದಿಲ್ಲ."