ಮೂರು ಚಂದ್ರಿಕೆ ಅಗಲದ ಬಟ್ಟೆ ರೂಮು

ಅಳತೆಯ ವಿಷಯದಲ್ಲಿ ನನ್ನನ್ನು ಮೀರಿಸುವವರು ರಾಮನಗರ ತಾಲ್ಲೂಕಿನಲ್ಲೇ ಇಲ್ಲವೆಂದು ನಾನು ನಂಬಿದ್ದೆ. ಇಪ್ಪತ್ತು ವರ್ಷದಿಂದ ರೇಷ್ಮೆ ಹುಳ ಸಾಕುತ್ತಿದ್ದೇನೆ. ಹುಳ ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಂದ್ರಿಕೆ ಆರಡಿಗೆ ನಾಲ್ಕಡಿ. ಯಾವ ಕೋಣೆ ಕಂಡರೂ ಅದರಲ್ಲಿ ಎಷ್ಟು ಚಂದ್ರಿಕೆ ಹಿಡಿಯುತ್ತದೆಂದು ಕಣ್ಣಲ್ಲೇ ಅಳೆದು ಹೇಳಬಲ್ಲೆ.

ಹೀಗಾಗಿ ಕನಕಪುರದಲ್ಲಿ ನನ್ನ ಷಡ್ಕ ಸ್ವಾಮಿಯ ಗೃಹಪ್ರವೇಶಕ್ಕೆ ಹೋದಾಗಲೂ ಅದೇ ಆಯಿತು. ಸ್ವಾಮಿ ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ವಯಸ್ಸಿನಲ್ಲಿ ನನ್ನ ಓರಗೆಯವನು. ಅವನು ಮಲಗುವ ಕೋಣೆಯೊಳಗಿನ ಇನ್ನೊಂದು ಬಾಗಿಲು ತೆರೆದು, ಇದು ವಾಕ್ ಇನ್ ವಾರ್ಡ್‌ರೋಬು ಎಂದ. ನನಗೆ ಮೊದಲು ಕಂಡದ್ದು ಎರಡು ಚಂದ್ರಿಕೆ ಜಾಗ. ಆಮೇಲೆ ಕಂಡದ್ದು ಸಾಲಾಗಿ ನೇತಾಡುತ್ತಿದ್ದ ಅವನ ಬಿಳಿ ಷರಟುಗಳು. ಬಟ್ಟೆಗೇ ಒಂದು ರೂಮು! ನಮ್ಮ ಮನೆಯಲ್ಲಿರುವುದು ಒಂದು ಬೀರು, ಅದರ ಬಾಗಿಲು ಮುಚ್ಚಬೇಕಾದರೆ ಮೊಣಕಾಲು ಕೊಟ್ಟು ಒತ್ತಬೇಕು. ಹೊಟ್ಟೆಕಿಚ್ಚಿಗೆ ನನಗೆ ಅವತ್ತು ಎರಡನೇ ಒಬ್ಬಟ್ಟು ಇಳಿಯಲಿಲ್ಲ.

ವಾಪಸು ಬರುವಾಗ ಬಸ್ಸಿನುದ್ದಕ್ಕೂ ನನ್ನ ಹೆಂಡತಿ ಸುಧಾಳದು ಅದೇ ಮಾತು. ಭಾವನ ಬುದ್ಧಿ, ಭಾವನ ಪ್ಲಾನು, ಅಕ್ಕನ ಪುಣ್ಯ. ಮದುವೆಯಾದಂದಿನಿಂದ ಈ ಭಾವನ ಪುರಾಣ ಕೇಳಿ ಕೇಳಿ ನಾನು ಸೊರಗಿದ್ದೇನೆ. ನಮ್ಮ ಸ್ಟಾಪು ಬರುವಷ್ಟರಲ್ಲಿ ನಿಶ್ಚಯ ಮಾಡಿಬಿಟ್ಟೆ. ಅವನದು ಎರಡು ಚಂದ್ರಿಕೆಯಾದರೆ ನನ್ನದು ಮೂರು. ಒಂದೇ ಒಂದು ಸಲ ಇವಳ ಬಾಯಿಂದ, ಭಾವನದಕ್ಕಿಂತ ನಮ್ಮದೇ ಚೆನ್ನಾಗಿದೆ ಅನ್ನಿಸಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ನಮ್ಮ ಮಲಗುವ ಕೋಣೆ ಹನ್ನೆರಡಡಿ ಚೌಕ. ಮಂಚವನ್ನು ಹಜಾರಕ್ಕೆ ಹಾಕಿಸಿ, ಹುಳದ ಮನೆಯಿಂದ ಆರು ಚಂದ್ರಿಕೆ ತಂದು ನೆಲಕ್ಕೆ ಹಾಸಿದೆ. ಗೋಡೆಯಿಂದ ಗೋಡೆಗೆ ಕರಾರುವಾಕ್ಕಾಗಿ ಕೂತವು. ಮೂರು ಬಟ್ಟೆಗೆ, ಮೂರು ನಮಗೆ. ಅಂದರೆ ನಮ್ಮ ಪಾಲಿಗೆ ಆರಡಿ ಅಗಲ. ಮಂಚದ ಅಗಲವೂ ಆರಡಿ, ಉದ್ದ ಅದಕ್ಕಿಂತ ಒಂದು ಗೇಣು ಜಾಸ್ತಿ. ದೇವರೇ ನನ್ನ ಪರವಾಗಿ ಟೇಪು ಹಿಡಿದಿದ್ದಾನೆಂದುಕೊಂಡು ನಡುವೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ.

ಗಾರೆ ಮೇಸ್ತ್ರಿ ಬಂದು ಆ ಗೆರೆಯನ್ನು ನೋಡಿ ತಲೆ ಕೆರೆದುಕೊಂಡ.

“ಗ್ವಾಡೆ ಯಾವ್ ಕಡೀಕ್ ಬತ್ತದೆ ಯಜಮಾನ್ರೇ?” ಅಂದ.

“ಎಲ್ಲಿಗಾರ ಬರ್ಲಿ. ಬಟ್ಟೆ ರೂಮಿಂದ ಮಾತ್ರ ಒಂದಂಗುಲ ಕಮ್ಮಿ ಆಗ್ಕೂಡ್ದು,” ಅಂದೆ.

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಇಪ್ಪತ್ತು ವರ್ಷ ರೇಷ್ಮೆ ಸಾಕಿದವನಿಗೆ ಅಳತೆ ಕಲಿಸಲು ಬರಬೇಡವೆಂದೆ. ಕರಣೆ ಕೈಗೆತ್ತಿಕೊಂಡ. ಹದಿನೈದು ದಿನದಲ್ಲಿ ಗೋಡೆ ಎದ್ದಿತು, ಬಟ್ಟೆ ರೂಮಿನ ಎರಡೂ ಕಡೆ ಹಲಗೆ ಬಡಿದದ್ದಾಯಿತು, ಬಣ್ಣವೂ ಆಯಿತು.

ಆಮೇಲೆ ಮಂಚವನ್ನು ಒಳಗೆ ತಂದೆವು. ಅಗಲಕ್ಕೆ ಹಿಡಿಯಲಿಲ್ಲ. ಉದ್ದಕ್ಕೆ ತಿರುಗಿಸಿದರೂ ಹಿಡಿಯಲಿಲ್ಲ. ಚಂದ್ರಿಕೆಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟರೆ ಮುಗಿಯಿತು, ಅವುಗಳ ನಡುವೆ ಗೋಡೆ ಇರುವುದಿಲ್ಲ. ಮೇಸ್ತ್ರಿಯ ಗೋಡೆಗೆ ಇಟ್ಟಿಗೆ, ಗಾರೆ ಎಲ್ಲ ಸೇರಿ ಅರ್ಧ ಅಡಿ ದಪ್ಪವಿತ್ತು. ಆ ಅರ್ಧ ಅಡಿ ನನ್ನ ಅಪ್ಪಣೆಯಂತೆ ಪೂರಾ ನಮ್ಮ ಪಾಲಿನಿಂದಲೇ ಹೋಗಿತ್ತು! ಮಂಚವನ್ನು ನೆಟ್ಟಗೆ ನಿಲ್ಲಿಸಿದರೆ ಬಹಳ ಚೆನ್ನಾಗಿ ಹಿಡಿಯುತ್ತಿತ್ತು. ಆದರೆ ನಾವಿಬ್ಬರೂ ನಿಂತು ಮಲಗುವ ಅಭ್ಯಾಸದವರಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದಿದ್ದಾರೆ ಹಿರಿಯರು, ಹಾಸಿಗೆಗೇ ಜಾಗವಿಲ್ಲದಿದ್ದರೆ ಏನು ಚಾಚಬೇಕೆಂದು ಹೇಳಿಲ್ಲ.

ಮಂಚದ ಒಂದು ಬದಿಯನ್ನು ಅರ್ಧ ಅಡಿ ಕುಯ್ಯಿಸೋಣವೇ ಎಂದು ಮೆಲ್ಲಗೆ ಕೇಳಿ ನೋಡಿದೆ.

“ನಮ್ಮಪ್ಪ ಮದ್ವೇಗ್ ಕೊಟ್ಟಿರೋ ಮಂಚ,” ಅಂದಳು ಸುಧಾ. “ಮೊದ್ಲು ನಿಮ್ ಕಾಲ್ ಕುಯ್ಸ್ಕೊಳಿ. ಆಮೇಲೆ ಮಂಚದ್ ಮಾತು.”

ಮಂಚ ಹಜಾರದಲ್ಲೇ ಉಳಿಯಿತು. ಬಂದವರೆಲ್ಲ ಅದರ ಮೇಲೆ ಕೂತು, ಕಾಫಿ ಕುಡಿದು, ಇದು ಯಾಕೆ ಇಲ್ಲಿದೆ ಎಂದು ಕೇಳಿಯೇ ಹೋಗುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ಸ್ವಾಮಿ ಹೆಂಡತಿ ಸಮೇತ ಬಂದಿಳಿದ. ಅವನು ಮಂಚವನ್ನು ನೋಡುವ ಮೊದಲೇ ಕೈಹಿಡಿದು ಬಟ್ಟೆ ರೂಮಿಗೆ ಎಳೆದುಕೊಂಡು ಹೋದೆ. ಹೆಂಗಸರೂ ಹಿಂದೆಯೇ ಬಂದರು. ಹಲಗೆಗಳನ್ನು ತುಂಬಿಸಲು ನಮ್ಮಿಬ್ಬರ ಬಟ್ಟೆ ಸಾಲದೆ ಕಂಬಳಿ, ಜಮಖಾನ, ಕೊನೆಗೆ ಹುಳದ ಮನೆಯ ಬಲೆಯನ್ನೂ ಮಡಿಚಿ ಪೇರಿಸಿದ್ದೆ. ಸ್ವಾಮಿ ನಡುವೆ ನಿಂತು ಸುತ್ತಲೂ ನೋಡಿದ. ಅವನ ಹೊಟ್ಟೆಯೂ ಒಸಿ ಉರಿಯಲಿ ಎಂದು ನಾನು ಕಾದೆ.

“ಇಷ್ಟ್ ದೊಡ್ಡುದ್ನ ಬೇಕೂಂತ್ಲೇ ಕಟ್ಸುದ್ಯಾ?” ಅಂದ.

ಮತ್ತೇನು, ನಿನ್ನದನ್ನು ನೋಡಿಯೇ ಕಟ್ಟಿಸಿದ್ದು ಎಂದೆ. ಸ್ವಾಮಿ ನಗತೊಡಗಿದ.

“ನಮ್ದು ಬಾತ್‌ರೂಮ್ ಕಣ್ಲಾ! ಕಟ್ಟಾದ್ಮೇಲೆ ನೋಡುದ್ರೆ ನೆಲ ತಗ್ಗಾಗ್ಬುಟ್ಟೈತೆ, ನೀರು ಚರಂಡೀಗ್ ಹೋಗಾಕಿಲ್ಲ. ಸುಮ್ನೆ ಯಾಕ್ ಬುಡಾದು ಅಂತ ನಾಕ್ ಕಂಬಿ ಹಾಕ್ಸಿ ಬಟ್ಟೆ ನೇತಾಕ್ದೆ, ಅಷ್ಟೇಯಾ.”

ಅಂದರೆ ಇಷ್ಟು ದಿನ ನಾನು ಹೊಟ್ಟೆಯುರಿದುಕೊಂಡದ್ದು ನೀರು ಹೋಗದ ಒಂದು ಬಚ್ಚಲಿಗೆ! ನಾಚಿಕೆಯಾಯಿತು, ನಿಜ. ಆದರೆ ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಕೊನೆಗೂ ಭಾವನ ಬಣ್ಣ ಬಯಲಾಯಿತಲ್ಲ ಎಂದು ಆಸೆಯಿಂದ ಸುಧಾಳ ಮುಖ ನೋಡಿದೆ. ಅವಳು ಭಾವನನ್ನೇ ನೋಡುತ್ತಿದ್ದಳು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು.

“ಭಾವ ತಪ್ ಮಾಡುದ್ರೂ ಎಷ್ಟ್ ಚೆಂದಾಗ್ ಮಾಡವ್ರೆ ನೋಡಿ,” ಅಂದಳು.

ತಪ್ಪು ಮಾಡುವುದರಲ್ಲೂ ನಾನು ಅವನಿಗಿಂತ ಹಿಂದೆಯೇ ಬಿದ್ದೆ.